ಮೈಲ್ಸ್ ಕಾರ್ಡಾ, ಪಾಯಿಂಟ್ಸ್ ಕಾರ್ಡಾ, ಕ್ಯಾಶ್‌ಬ್ಯಾಕಾ?

ಒಂದೇ ಏರ್‌ಲೈನ್‌ನಲ್ಲಿ ಪದೇ ಪದೇ ಓಡಾಡುವವರಿಗೆ ಅದರದ್ದೇ ಮೈಲ್ಸ್ ಕಾರ್ಡ್ ಸರಿ. ಅಂದರೆ ಖರ್ಚು ಮಾಡಿದಾಗ ಟಿಕೆಟ್‌ಗೆ ಬಳಸುವ ‘ಮೈಲ್ಸ್’ ಕೊಡುವ ಕ್ರೆಡಿಟ್ ಕಾರ್ಡ್. 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್‌ನಂಥ ವಿಮಾನ ಕಂಪನಿಗಳ ಕೂಟದಲ್ಲಿ ಆ ಏರ್‌ಲೈನ್ ಇದ್ದರೆ ಬೇರೆ ಕಂಪನಿಗಳ ವಿಮಾನಕ್ಕೂ ಮೈಲ್ಸ್ ನಡೆಯುತ್ತದೆ. ಆದರೆ ಕಂಪನಿ ಮೈಲ್ಸ್ ಬೆಲೆ ಇಳಿಸಿದರೆ ನೀವೇನೂ ಮಾಡುವ ಹಾಗಿಲ್ಲ.

ಅಗ್ಗದ ಟಿಕೆಟ್ ಎಲ್ಲಿ ಸಿಕ್ಕರೆ ಅಲ್ಲಿ ಹತ್ತುವವರಾ? ಬ್ಯಾಂಕಿನ ಪಾಯಿಂಟ್ಸ್ ಕಾರ್ಡ್ ವಾಸಿ. ಅದರ ಪಾಯಿಂಟ್ಸನ್ನು ಹಲವು ಏರ್‌ಲೈನ್, ಹೋಟೆಲ್‌ಗಳಿಗೆ ವರ್ಗಾಯಿಸಬಹುದು. ಒಮ್ಮೆ ಕಳಿಸಿದ್ದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಸೀಟು ಇದೆಯಾ ನೋಡಿಯೇ ಕಳಿಸಿ. ಟಿಕೆಟ್‌ನ ನಗದು ಬೆಲೆಯಿಂದ, ಪಾಯಿಂಟ್ಸ್ ಕೊಟ್ಟರೂ ಕಟ್ಟಲೇಬೇಕಾದ ತೆರಿಗೆ ಕಳೆಯಿರಿ. ಉಳಿದದ್ದನ್ನು ಆ ಟಿಕೆಟ್‌ಗೆ ಕೇಳುವ ಪಾಯಿಂಟ್ಸ್‌ನಿಂದ ಭಾಗಿಸಿ. ಒಂದು ಪಾಯಿಂಟ್‌ನ ನಿಜವಾದ ಬೆಲೆ ಅಷ್ಟೇ, ಜಾಹೀರಾತು ಹೇಳಿದ್ದಲ್ಲ.

ಅಪರೂಪಕ್ಕೆ ಹೊರಡುವವರು ಸುಮ್ನೆ ಕ್ಯಾಶ್‌ಬ್ಯಾಕ್ ತಗೊಳ್ಳಿ. ಬಿಲ್ ಬಾಕಿ ಉಳಿಸಿಕೊಳ್ಳುವವರಿಗಂತೂ ಮೂರೂ ಬೇಡ. ಬಡ್ಡಿಯ ಮುಂದೆ ಇವು ಯಾವ ಲೆಕ್ಕಕ್ಕೂ ಇಲ್ಲ.