ಮಕ್ಕಳ ಮೆಚ್ಚಿನ ಹಾಡಿಗೆ ತರಗತಿಯಲ್ಲಿ ಜಾಗ: ಸರದಿಯೋ, ಚೀಟಿಯೋ, ಮನೆಹಾಡೋ?

ವಾರಕ್ಕೊಂದೇ ಸಂಗೀತದ ಪೀರಿಯಡ್, 40 ನಿಮಿಷ, ಎದುರಿಗೆ 40 ಮಕ್ಕಳು. ಪ್ರೌಢಶಾಲೆಯಲ್ಲಿ ಸರಳೆ ವರಸೆಯ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಜೊತೆಗೇ ಮಕ್ಕಳ ಇಷ್ಟದ ಹಾಡನ್ನೂ ಒಳಗೆ ಬಿಟ್ಟುಕೊಳ್ಳುವ ಮೂರು ದಾರಿಗಳನ್ನು ನಡೆಸಿ ನೋಡಿದ ಮೇಲಿನ ಹೋಲಿಕೆ ಇದು.

ಮೊದಲನೆಯದು ಸರದಿ. ವಾರಕ್ಕೊಬ್ಬರು ಎದ್ದು ಬಂದು ಹಾಡು ಕೇಳಿಸಿ, ಏಕೆ ಇಷ್ಟ ಎಂದು ಹೇಳಬೇಕು. ಹಾಡು ನಾಲ್ಕು ನಿಮಿಷ, ಮಾತು ಎರಡು, ಸ್ಪೀಕರಿಗೆ ಬ್ಲೂಟೂತ್ ಹೊಂದಿಸಲು ಇನ್ನೆರಡು: ಎಂಟು ನಿಮಿಷ ಹೋಯಿತು. 40 ಮಂದಿಯ ಸರದಿ ಮುಗಿಯುವ ಮೊದಲೇ ವಾರ್ಷಿಕ ಪರೀಕ್ಷೆ. ನಾಚಿಕೆಯ ಮಕ್ಕಳು ತಮ್ಮಿಷ್ಟದ್ದನ್ನು ಬಿಟ್ಟು ಗೆಳೆಯರು ನಗದಂಥ ಹಾಡನ್ನೇ ತರುತ್ತಾರೆ. 90 ಸೆಕೆಂಡಿಗೆ ಮಿತಿ ಹಾಕಿ, ಹಾಡನ್ನು ಹಿಂದಿನ ದಿನವೇ ಇಳಿಸಿಟ್ಟುಕೊಂಡರೆ (ನಡುವೆ ಜಾಹೀರಾತು ಬಂದರೆ ತರಗತಿ ಕೈಬಿಟ್ಟಂತೆ) ಹದಿನೈದು ಮಕ್ಕಳ ತರಗತಿಗೆ ಸರಿಹೋಗುತ್ತದೆ.

ಎರಡನೆಯದು ಚೀಟಿ: ಮಕ್ಕಳು ಇಷ್ಟದ ಹಾಡನ್ನು ಬರೆದು ಡಬ್ಬಿಗೆ ಹಾಕುತ್ತಾರೆ, ಬರೆದವರ ಹೆಸರು ಬೇಡ. ಪ್ರತಿ ಚೀಟಿಯಲ್ಲಿ ಮೂರೇ ಸಾಲು: ಹಾಡು ಯಾವುದು, ಎಷ್ಟನೇ ನಿಮಿಷದಿಂದ ಕೇಳಬೇಕು, ಅಲ್ಲಿ ಕಿವಿಗೆ ಬಿದ್ದದ್ದು ಏನು. ಬರೆಸಲು ಐದು ನಿಮಿಷ ಸಾಕು. ಮೂರನೇ ಸಾಲು ಬಿಟ್ಟರೆ ಡಬ್ಬಿಯಲ್ಲಿ ಬರೀ ಸಿನಿಮಾ ಹೆಸರುಗಳು ಉಳಿಯುತ್ತವೆ. ಒಂದೇ ಹೊಸ ಹಾಡಿಗೆ ಹತ್ತು ಚೀಟಿ ಬರುವುದು ಖಂಡಿತ, ಅದನ್ನು ಒಂದೆಂದೇ ಎಣಿಸಿ.

ಚೀಟಿಯ ದೊಡ್ಡ ಲಾಭವೆಂದರೆ ಮೇಷ್ಟ್ರಿಗೆ ಒಂದು ವಾರದ ಬಿಡುವು. ಸಾಹಿತ್ಯ ತರಗತಿಗೆ ಒಪ್ಪುವುದೇ ಎಂದು ಮೊದಲೇ ನೋಡಬಹುದು, ಹಾಡುಗಳನ್ನು ನಡೆಯ (ತಾಳದ ಒಂದು ಎಣಿಕೆಯೊಳಗೆ ಎಷ್ಟು ಮಾತ್ರೆ ಎಂಬುದರ) ಪ್ರಕಾರ ವಿಂಗಡಿಸಬಹುದು. ಒಂದು ದಿನಕ್ಕೆ ಎರಡೇ ತುಣುಕು, ಒಂದು ನಾಲ್ಕರ ನಡೆಯದು, ಇನ್ನೊಂದು ಮೂರರದು. ಎರಡಕ್ಕೂ ಆದಿತಾಳ ಹಾಕಿಸಿ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು-ಬೀಸು. ಒಂದೊಂದು ಎಣಿಕೆಗೆ ಬಾಯಲ್ಲಿ ‘ತಕಧಿಮಿ’ ಹೇಳಿಸಿ. ಮೊದಲ ತುಣುಕಿಗೆ ಅದು ಕೂರುತ್ತದೆ, ಎರಡನೆಯದಕ್ಕೆ ಬಾಯಿ ತೊಡರುತ್ತದೆ. ಆಗ ‘ತಕಿಟ’ ಕೊಡಿ. ತಿಸ್ರ ನಡೆಯನ್ನು, ಅಂದರೆ ಮೂರರ ನಡೆಯನ್ನು, ಬೋರ್ಡಿನ ಮೇಲೆ ವಿವರಿಸುವುದಕ್ಕಿಂತ ಈ ತೊಡರುವಿಕೆ ಬೇಗ ಕಲಿಸುತ್ತದೆ. ಎಡವುವುದು ಹಾಡಿಸುವಾಗ. ಮೂಲ ಟ್ರ್ಯಾಕಿನ ಜೊತೆ ಹಾಡಿಸಿದರೆ ದನಿ ಒಡೆಯುತ್ತಿರುವ ಹುಡುಗರು ಬಾಯಿ ಮುಚ್ಚಿ ಕೂರುತ್ತಾರೆ. ಟ್ರ್ಯಾಕ್ ನಿಲ್ಲಿಸಿ, ತಂಬೂರಿ ಆ್ಯಪ್ ಹಾಕಿ, ಅವರ ದನಿ ನಿಲ್ಲುವಷ್ಟು ಶ್ರುತಿ ಇಳಿಸಿ.

ಮೂರನೆಯದು ಮನೆಹಾಡು. ನಿಧಾನ, ಆದರೆ ಫಲ ಗಟ್ಟಿ. ಅಜ್ಜಿಯೋ ಪಕ್ಕದ ಮನೆಯವರೋ ಹೇಳುವ ಸೋಬಾನೆ, ಬೀಸುಕಲ್ಲಿನ ಪದ, ಲಾಲಿ, ಭಜನೆ ಯಾವುದಾದರೂ ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ತರಬೇಕು, ಹಾಡಿದವರನ್ನು ಕೇಳಿಯೇ. ತುಳು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಇಲ್ಲಿ ಮುಂದೆ ಬರುತ್ತಾರೆ, ಬೇರೆರಡರಲ್ಲಿ ಅವರ ಹಾಡಿಗೆ ಜಾಗವೇ ಸಿಗದು. ನಾಲ್ಕೈದು ಸ್ವರದೊಳಗೇ ಸುತ್ತುವ ಪದಗಳು ಹೆಚ್ಚಾದ್ದರಿಂದ ಸ್ವರ ಹುಡುಕಿಸುವುದೂ ಸುಲಭ. ರಾಗಕ್ಕೆ ಹೊಂದಿಸಲು ಹೋಗಿ ಅಜ್ಜಿಯ ಸ್ವರವನ್ನು ‘ತಿದ್ದಬೇಡಿ’. ಎಂಟು ದಿನದ ಗಡುವು ಕೊಟ್ಟರೆ ಅರ್ಧ ಮಕ್ಕಳು ಬರಿಗೈಯಲ್ಲಿ ಬರುತ್ತಾರೆ.

ದೊಡ್ಡ ತರಗತಿಗೆ ಜೂನ್‌ನಿಂದ ಚೀಟಿ ಡಬ್ಬಿಯೇ ಸರಿ. ಮನೆಹಾಡಿನ ಕೆಲಸವನ್ನು ದಸರಾ ರಜೆಗೆ ಕೊಡಿ. ಹೇಗೂ ಊರಿಗೆ ಹೋಗುತ್ತಾರೆ.