ಬ್ರಾಂಜ್ 650, ಗೋಲ್ಡ್ 750: ಸಾಗರದ ಮಳೆಗಾಲದಲ್ಲಿ ಎರಡು ಎಸ್‌ಎಂಪಿಎಸ್

ಜೂನ್ ಶುರುವಾದರೆ ಸಾಗರದಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತು ಇಲ್ಲ. ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬೀಳುತ್ತದೆ, ಮನೆಯ ದೀಪ ಒಮ್ಮೆ ಮಿಟುಕುತ್ತದೆ, ಇನ್ವರ್ಟರ್ ಟಕ್ ಅನ್ನುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ. ನನ್ನ ಪಿಸಿ ಮಾತ್ರ ಆ ಟಕ್ ಜೊತೆಗೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಎರಡು ವರ್ಷ ಹಾಗೇ ತಳ್ಳಿದೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಆಫ್ ಆದದ್ದು ಮತ್ತೆ ಆನ್ ಆಗಲೇ ಇಲ್ಲ.

ಕೆಟ್ಟಿದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿಕೊಡುವ ಪವರ್ ಸಪ್ಲೈ ಡಬ್ಬಿ. ಆ ಹಳೇದು ಕ್ಯಾಬಿನೆಟ್ ಜೊತೆಗೇ ಬಂದಿದ್ದು. ಹೊರಗೆ ತೆಗೆದು ಪಕ್ಕದ ಸ್ಟಿಕರ್ ಓದಿದೆ. ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಇದೆ. ಕೆಳಗಿನ ಸಣ್ಣ ಟೇಬಲ್‌ನಲ್ಲಿ 12 ವೋಲ್ಟ್ ಸಾಲಿಗೆ ಬರೀ 25 ಆಂಪ್ಸ್. ಗುಣಿಸಿದರೆ 300 ವ್ಯಾಟ್ ಅಷ್ಟೇ. ಈಗಿನ ಪಿಸಿಯಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಹೆಚ್ಚುಕಡಿಮೆ ಈ 12 ವೋಲ್ಟ್ ಸಾಲಿನಿಂದಲೇ. ನನ್ನ ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 200 ವ್ಯಾಟ್ ಬೇಕು, ಅದಕ್ಕೆ ಎನ್‌ವಿಡಿಯಾ ಹೇಳುವುದೇ 600 ವ್ಯಾಟ್ ಸಪ್ಲೈ. ನೀವು ಯಾವುದನ್ನೇ ಕೊಳ್ಳಿ, ಡಬ್ಬಿ ತಿರುಗಿಸಿ ಮೊದಲು ಆ ಟೇಬಲ್ ನೋಡಿ. 650ರ ಒಳ್ಳೆಯ ಸಪ್ಲೈಯಲ್ಲಿ 12 ವೋಲ್ಟ್‌ಗೆ 54 ಆಂಪ್ಸ್ ಅಂತ ಬರೆದಿರುತ್ತದೆ, ಅಂದರೆ 648 ವ್ಯಾಟ್.

ಅದೇ ಹೊತ್ತಿಗೆ ಹೊಸನಗರದಲ್ಲಿರುವ ಚಿಕ್ಕಪ್ಪನ ಮಗನಿಗೂ ಒಂದು ಪಿಸಿ ಕಟ್ಟಿಕೊಡಬೇಕಿತ್ತು. ಹಾಗಾಗಿ ಬೆಂಗಳೂರಿಗೆ ಹೋದಾಗ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎರಡು ತಗೊಂಡೆ. ಬ್ರಾಂಜ್, ಗೋಲ್ಡ್ ಅನ್ನುವುದು ಸಪ್ಲೈ ಎಷ್ಟು ಕಡಿಮೆ ಕರೆಂಟ್ ಪೋಲು ಮಾಡುತ್ತದೆ ಅನ್ನುವುದಕ್ಕೆ ಕೊಡುವ 80 ಪ್ಲಸ್ ದರ್ಜೆ, ಗೋಲ್ಡ್ ಮೇಲಿನದು. ಒಂದು 650 ವ್ಯಾಟ್ ಬ್ರಾಂಜ್, ಕೇಬಲ್ ಎಲ್ಲ ಫಿಕ್ಸ್ ಆಗಿರುವುದು, 4,900 ರೂಪಾಯಿ. ಇನ್ನೊಂದು 750 ವ್ಯಾಟ್ ಗೋಲ್ಡ್, ಫುಲ್ ಮಾಡ್ಯುಲರ್ (ಕೇಬಲ್ ಎಲ್ಲ ಬಿಚ್ಚಿ ಹಾಕಬಹುದು), 9,200 ರೂಪಾಯಿ. ಎರಡನ್ನೂ ನನ್ನ ಪಿಸಿಯಲ್ಲೇ ಮೂರು ಮೂರು ವಾರ ಓಡಿಸಿ ನೋಡಿದೆ. ಪ್ರೊಸೆಸರ್ ರೈಜನ್ 5 5600, ಕಾರ್ಡ್ ಆಗಲೇ ಹೇಳಿದ್ದು. ನಾನು ತಂದ ಎರಡರ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಒಂದೊಂದೇ ಪೀಸ್ ನೋಡಿ ಕಂಪನಿ ಬಗ್ಗೆ ಹೇಳುವುದು ಸರಿಯಲ್ಲ, ಅಲ್ವಾ? ಅಂಗಡಿಯಲ್ಲಿ ಕೇಳುವಾಗ ಅಂದಾಜಿಗೆ ಬೇಕಾದರೆ, ಕೊರ್ಸೇರ್‌ನ ಸಿಎಕ್ಸ್, ಕೂಲರ್ ಮಾಸ್ಟರ್‌ನ ಎಂಡಬ್ಲ್ಯುಇ ಬ್ರಾಂಜ್, ಡೀಪ್‌ಕೂಲ್‌ನ ಪಿಕೆ ಇವೆಲ್ಲ ಬ್ರಾಂಜ್ ಸಾಲಿನವು. ಕೊರ್ಸೇರ್‌ನ ಆರ್‌ಎಂ-ಇ, ಎಂಎಸ್‌ಐನ ಎ750ಜಿಎಲ್ ಗೋಲ್ಡ್ ಸಾಲಿನವು.

ಮೊದಲು ಕರೆಂಟ್ ಬಿಲ್ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಗೋಲ್ಡ್ ತಗೊಳ್ಳಿ ಬಿಲ್ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 80 ಪ್ಲಸ್ ಲೆಕ್ಕದಲ್ಲಿ ಅರ್ಧ ಲೋಡ್ ಇದ್ದಾಗ, ಗೋಡೆಯಿಂದ ಎಳೆದ ಕರೆಂಟಿನಲ್ಲಿ ಪಿಸಿಗೆ ತಲುಪುವ ಪಾಲು ಬ್ರಾಂಜ್‌ಗೆ 85 ಪರ್ಸೆಂಟ್, ಗೋಲ್ಡ್‌ಗೆ 90 ಪರ್ಸೆಂಟ್ ಇರಬೇಕು (ಇದು 115 ವೋಲ್ಟ್ ಟೆಸ್ಟಿನದು). ಸಾಕೆಟ್‌ಗೆ ಪವರ್ ಮೀಟರ್ ಹಾಕಿ ಒಂದೇ ಕಾರ್ ರೇಸಿಂಗ್ ಗೇಮ್, ಒಂದೇ ಟ್ರ್ಯಾಕ್ ಆಡಿದೆ. ಬ್ರಾಂಜ್‌ನಲ್ಲಿ 342 ವ್ಯಾಟ್ ಆಸುಪಾಸು, ಗೋಲ್ಡ್‌ನಲ್ಲಿ 324. ವ್ಯತ್ಯಾಸ 18 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಆಡಿದರೂ ವರ್ಷಕ್ಕೆ 26 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಸುಮಾರು 160 ರೂಪಾಯಿ. ನಾನು ಜಾಸ್ತಿ ಕೊಟ್ಟಿದ್ದು 4,300. ಅದು ಬಿಲ್‌ನಿಂದ ವಾಪಸ್ ಬರಬೇಕಾದರೆ 26-27 ವರ್ಷ ಬೇಕು. ಬಿಲ್ ಉಳಿಸಲಿಕ್ಕೆ ಅಂತ ಗೋಲ್ಡ್ ತಗೊಳ್ಳಬೇಡಿ.

ವೋಲ್ಟೇಜ್ ಎರಡರಲ್ಲೂ ಚೆನ್ನಾಗಿತ್ತು. ಹಳದಿ ವೈರಿಗೂ ಕಪ್ಪು ವೈರಿಗೂ ಮಲ್ಟಿಮೀಟರ್ ಹಿಡಿದರೆ, ಆಟದ ನಡುವೆ ಬ್ರಾಂಜ್ 11.94, ಗೋಲ್ಡ್ 12.02. ಸ್ಟ್ಯಾಂಡರ್ಡ್ ಪ್ರಕಾರ 11.4ರಿಂದ 12.6ರವರೆಗೆ ಏನಿದ್ದರೂ ಸರಿ. ಈ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನನಗೆ ಮುಖ್ಯವಾಗಿದ್ದು ಆ ಟಕ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ಯುಪಿಎಸ್‌ನಲ್ಲಿ ಇಟ್ಟರೆ ಲೈನ್‌ನಿಂದ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಹತ್ತು ಹದಿನೈದು ಮಿಲಿಸೆಕೆಂಡಿನಲ್ಲಿ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಹೋದರೆ ಸಾಕು, ಬ್ಯಾಟರಿಗೆ ಹೋಗಿಬಿಡುತ್ತದೆ. ನಮ್ಮ ಬೀದಿಯಲ್ಲಿ ಸಂಜೆ ಹೊತ್ತು 170-175 ಮಾಮೂಲು. ಹಾಗಾಗಿ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ ಅಂತ ಅಪ್ಪ ಅದನ್ನು ನಾರ್ಮಲ್‌ನಲ್ಲೇ ಇಟ್ಟಿದ್ದಾರೆ. ಅವರ ಮಾತು ಸರಿಯೇ. ನಾರ್ಮಲ್‌ನಲ್ಲಿ ಬದಲಾಗಲು 40 ಮಿಲಿಸೆಕೆಂಡ್‌ವರೆಗೂ ಹಿಡಿಯಬಹುದು. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಪೂರಾ ಎರಡು ಸುತ್ತು ಪಿಸಿಗೆ ಏನೂ ಸಿಗುವುದಿಲ್ಲ.

ಆ ಹೊತ್ತಿನಲ್ಲಿ ಪಿಸಿಯನ್ನು ಹಿಡಿದು ನಿಲ್ಲಿಸುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್, 400 ವೋಲ್ಟಿನದ್ದು, ಹೆಬ್ಬೆರಳಿಗಿಂತ ದಪ್ಪ ಇರುತ್ತದೆ. ಅಗ್ಗದ ಸಪ್ಲೈಗಳಲ್ಲಿ ದುಡ್ಡು ಉಳಿಸುವುದು ಇದನ್ನು ಸಣ್ಣದು ಹಾಕಿಯೇ. ಪೂರ್ತಿ ಲೋಡ್‌ನಲ್ಲಿ 16-17 ಮಿಲಿಸೆಕೆಂಡ್ ತಡೆಯುವ ಸಪ್ಲೈ, ಅರ್ಧಕ್ಕಿಂತ ಕಡಿಮೆ ಲೋಡ್ ಇದ್ದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ತಡೆಯುತ್ತದೆ. ನನ್ನ ಪಿಸಿ ಒಳಗೆ ಎಳೆಯುವುದು 300 ವ್ಯಾಟ್ ಆಸುಪಾಸು, ಅದು 650ಕ್ಕೆ ಅರ್ಧದ ಹತ್ತಿರ, 750ಕ್ಕೆ ಇನ್ನೂ ಕಡಿಮೆ ಪಾಲು. ಹಾಗಾಗಿ 750 ತಗೊಂಡರೆ ಆ 100 ವ್ಯಾಟ್ ಸುಮ್ನೆ ವೇಸ್ಟ್ ಅನ್ನುವುದು ನಮ್ಮಂಥ ಊರಿನಲ್ಲಿ ನಿಜ ಅಲ್ಲ.

ಫೈಲ್ ಎಲ್ಲ ಬ್ಯಾಕಪ್ ಮಾಡಿಕೊಂಡು, ಆಟ ಆಡುತ್ತಿರುವಾಗಲೇ ತಂಗಿಗೆ ಹೇಳಿ ಇನ್ವರ್ಟರ್‌ಗೆ ಲೈನ್ ಕರೆಂಟ್ ಬರುವ ಸ್ವಿಚ್ ಆರಿಸಿಸಿದೆ. ಯುಪಿಎಸ್ ಮೋಡ್‌ನಲ್ಲಿ ಎರಡಕ್ಕೂ ಏನೂ ಆಗಲಿಲ್ಲ. ನಾರ್ಮಲ್ ಮೋಡ್‌ನಲ್ಲಿ ಐದು ಸಲ ಆರಿಸಿದರೆ ಬ್ರಾಂಜ್ ಎರಡು ಸಲ ರೀಸ್ಟಾರ್ಟ್ ಆಯಿತು, ಗೋಲ್ಡ್ ಒಂದು ಸಲವೂ ಆಗಲಿಲ್ಲ. ಸುಮ್ನೆ ಬ್ರೌಸರ್ ತೆರೆದು ಕೂತಿದ್ದಾಗ ಎರಡೂ ತಡೆದವು. ಆಮೇಲೆ ನಿಜವಾದ ಮಳೆಗಾಲದಲ್ಲೂ ಗೋಲ್ಡ್ ಇಲ್ಲಿಯವರೆಗೆ ಒಂದು ಸಲವೂ ಕೈ ಕೊಟ್ಟಿಲ್ಲ. ಮೊದಲ ಸಲ ದೀಪ ಮಿಟುಕಿ, ಟಕ್ ಕೇಳಿ, ಪರದೆ ಮೇಲೆ ಕಾರು ಹಾಗೇ ಓಡುತ್ತಿದ್ದದ್ದು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸ್ಟಿಕರ್‌ನಲ್ಲಿ ನೋಡಬೇಕಾದ ಇನ್ನೊಂದು ಸಾಲು ಇನ್‌ಪುಟ್. ನನ್ನ ಗೋಲ್ಡ್ ಮೇಲೆ 100-240 ವೋಲ್ಟ್ ಅಂತ ಇದೆ, ಬ್ರಾಂಜ್ ಮೇಲೆ 200-240. ಇಲ್ಲಿ ಮಾರುವ ಬ್ರಾಂಜ್‌ಗಳಲ್ಲಿ ಇಂಥವು ಇವೆ. 175 ವೋಲ್ಟ್‌ನಲ್ಲೂ ನನ್ನ ಬ್ರಾಂಜ್ ನಡೆಯಿತು, ಆದರೆ ಅದು ಕಂಪನಿ ಮಾತು ಕೊಟ್ಟ ಗೆರೆಯ ಹೊರಗೆ. ವೋಲ್ಟೇಜ್ ಇಳಿಯುವ ಊರಿನವರಿಗೆ ನಾನು 80 ಪ್ಲಸ್ ಬಣ್ಣಕ್ಕಿಂತ ಮೊದಲು ಈ ಸಾಲು ನೋಡಿ ಅಂತಲೇ ಹೇಳುತ್ತೇನೆ. ಹಾಗೇ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಎರಡೂ ಸಪ್ಲೈ ತಕರಾರು ಮಾಡಬಹುದು, ಏಕೆಂದರೆ ಈ ಬೆಲೆಯವಕ್ಕೆಲ್ಲ ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ಲೈನ್‌ನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುತ್ತದೆ, ಅದಕ್ಕೆ ಲೈನ್ ಕರೆಂಟಿನ ಹಾಗೆ ನಯವಾದ ಸೈನ್ ವೇವ್ ಬೇಕು.

ಸದ್ದಿನ ವಿಷಯ. ಬ್ರಾಂಜ್ ಫ್ಯಾನ್ ಯಾವಾಗಲೂ ತಿರುಗುತ್ತದೆ, ರಾತ್ರಿ ಹನ್ನೊಂದರ ಮೇಲೆ ಮನೆ ಮಲಗಿದಾಗ ಕೇಳುತ್ತದೆ. ಗೋಲ್ಡ್ ಕಡಿಮೆ ಲೋಡ್‌ನಲ್ಲಿ ಫ್ಯಾನ್ ನಿಲ್ಲಿಸಿಬಿಡುತ್ತದೆ. ಆದರೆ ಗೇಮ್ ಮೆನುವಿನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ನೂರಾರು ಏರಿದಾಗ ಗೋಲ್ಡ್ ಒಳಗಿಂದ ಜೀರುಂಡೆ ಹಾಗೆ ಸಣ್ಣ ಚಿರ್ ಸದ್ದು ಬರುತ್ತಿತ್ತು. ಎಫ್‌ಪಿಎಸ್‌ಗೆ 120ರ ಮಿತಿ ಹಾಕಿದೆ, ನಿಂತಿತು. ಹಂಚಿನ ಮೇಲೆ ಮಳೆ ಸುರಿಯುವಾಗ ಇದ್ಯಾವುದೂ ಕೇಳುವುದಿಲ್ಲ.

ಬ್ರಾಂಜ್‌ನ ಕೇಬಲ್‌ಗಳನ್ನು ನನ್ನ ಸಣ್ಣ ಕ್ಯಾಬಿನೆಟ್ ಹಿಂದೆ ತುಂಬುವಷ್ಟರಲ್ಲಿ ಸಾಕಾಯಿತು, ಮುಚ್ಚಳವನ್ನು ಮೊಣಕಾಲಲ್ಲಿ ಒತ್ತಿಯೇ ಸ್ಕ್ರೂ ಹಾಕಿದ್ದು. ಮಾಡ್ಯುಲರ್‌ನಲ್ಲಿ ಬೇಕಾದಷ್ಟೇ ಚುಚ್ಚಿದರೆ ಮುಗಿಯಿತು. ಆದರೆ ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಒಂದು ಸಪ್ಲೈಯ ಮಾಡ್ಯುಲರ್ ಕೇಬಲ್ ಇನ್ನೊಂದಕ್ಕೆ ಹಾಕಬಾರದು. ಸಪ್ಲೈ ಕಡೆಯ ಪಿನ್ ಜೋಡಣೆಗೆ ಸ್ಟ್ಯಾಂಡರ್ಡ್ ಇಲ್ಲ. ಪ್ಲಗ್ ಸರಿಯಾಗಿಯೇ ಕೂರುತ್ತದೆ, ಆದರೆ 5 ವೋಲ್ಟ್ ಜಾಗಕ್ಕೆ 12 ಹೋಗಬಹುದು. ಗೆಳೆಯನೊಬ್ಬನ ಎಸ್‌ಎಸ್‌ಡಿ ಹೀಗೇ ಸುಟ್ಟಿತು, ಅದರಲ್ಲಿ ಅವನ ಮದುವೆ ಫೋಟೋ ಎಲ್ಲ ಇದ್ದವು.

ವಾರಂಟಿ ಬ್ರಾಂಜ್‌ಗೆ 5 ವರ್ಷ, ಗೋಲ್ಡ್‌ಗೆ 7. ಬಿಲ್ ಶಾಯಿ ಮಾಸುತ್ತದೆ, ಫೋಟೋ ತೆಗೆದಿಡಿ.

ಗೋಲ್ಡ್ ನಾನೇ ಇಟ್ಟುಕೊಂಡೆ, ಬ್ರಾಂಜ್ ತಮ್ಮನಿಗೆ ಕೊಟ್ಟೆ. ಅವನಿಗೆ ಕಡಿಮೆಯದ್ದು ಕೊಟ್ಟ ಹಾಗೆ ಅಲ್ಲ. ಅವನ ಕಾರ್ಡ್ ಸಣ್ಣದು, ಅವರ ಮನೆಯಲ್ಲಿ ವೋಲ್ಟೇಜ್ 210ರ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲೇ ಇಡಬಹುದು. ಅಂಥ ಮನೆಗೆ 4,300 ಜಾಸ್ತಿ ಕೊಡುವ ಅಗತ್ಯವೇ ಇಲ್ಲ. ಆ ದುಡ್ಡಿಗೆ ಅವನು ಇನ್ನೊಂದು ಎಸ್‌ಎಸ್‌ಡಿ ಹಾಕಿಸಿಕೊಂಡ.

ಅಲ್ಲಿ ಜೋಡಿಸುವಾಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಚಿಕ್ಕಪ್ಪ ಹೆದರಿದರು. ಮೀಟರ್ ಹಿಡಿದು ನೋಡಿದೆ. ಫೇಸ್‌ಗೂ ನ್ಯೂಟ್ರಲ್‌ಗೂ 224, ಫೇಸ್‌ಗೂ ಅರ್ತ್‌ಗೂ ಬರೀ 90. ಗೋಡೆಯ ಸಾಕೆಟ್ ಬಿಚ್ಚಿದರೆ ಮೇಲಿನ ದಪ್ಪ ಪಿನ್ನಿಗೆ ವೈರೇ ಕೊಟ್ಟಿರಲಿಲ್ಲ. ಸಪ್ಲೈ ಒಳಗಿನ ಫಿಲ್ಟರ್‌ನಿಂದ ಸೋರುವ ಚೂರು ಕರೆಂಟ್ ಅರ್ತ್‌ಗೆ ಇಳಿಯಬೇಕು, ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಎಷ್ಟೇ ದುಬಾರಿ ಸಪ್ಲೈ ಹಾಕಿದ್ದರೂ ಆ ಜುಮ್ ಬರುತ್ತಿತ್ತು. ಪ್ಲಗ್ ಕಿತ್ತಿಟ್ಟು ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿದೆವು. ಮರುದಿನ ಅವರು ಬಂದು ಅರ್ತ್ ವೈರ್ ಎಳೆದ ಮೇಲೆಯೇ ನನ್ನ ತಮ್ಮ ಪಿಸಿ ಆನ್ ಮಾಡಿದ್ದು.