ಹೆಲ್ಸಿಂಕಿಯಿಂದ ಟಾಲಿನ್‌ಗೆ ಯಾವ ಹಡಗು ಹತ್ತಬೇಕು?

ಫಿನ್ಲೆಂಡಿಗೆ ಕೆಲಸಕ್ಕೆ ಬಂದ ಕನ್ನಡದವರು, ಅವರನ್ನು ನೋಡಲು ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮ, ಎಲ್ಲರೂ ಒಂದಲ್ಲ ಒಂದು ಸಲ ಟಾಲಿನ್‌ಗೆ ಹೋಗಿಯೇ ಹೋಗುತ್ತಾರೆ. ಹೆಲ್ಸಿಂಕಿಯಿಂದ ಸಮುದ್ರ ದಾಟಿದರೆ ಎಸ್ಟೋನಿಯಾ, ಅದರ ರಾಜಧಾನಿಯೇ ಟಾಲಿನ್, ನಡುವೆ ಇರುವುದು ಸುಮಾರು 80 ಕಿಲೋಮೀಟರ್ ನೀರು ಅಷ್ಟೇ. ಆದರೆ ಟಿಕೆಟ್ ತೆಗೆಯಲು ಕೂತರೆ ವೈಕಿಂಗ್ ಲೈನ್, ಟಾಲಿಂಕ್, ಎಕ್ಕೆರೊ ಲೈನ್ ಅಂತ ಮೂರು ಕಂಪನಿ, ಹಲವು ಹಡಗು, ಹೊರಡುವ ಜಾಗವೂ ಬೇರೆ ಬೇರೆ, ತಲೆ ಕೆಟ್ಟುಹೋಗುತ್ತದೆ. ಹೆಚ್ಚಿನವರು ರೇಟು ಮತ್ತು ಸಮಯ ಎರಡನ್ನೇ ನೋಡಿ ಬುಕ್ ಮಾಡಿಬಿಡುತ್ತಾರೆ.

ನಾನು ಇವೆಲ್ಲದರಲ್ಲೂ ಹೋಗಿ ಬಂದಿದ್ದೇನೆ, ಬೇಸಿಗೆಯಲ್ಲೂ, ನವೆಂಬರಿನ ಗಾಳಿಯಲ್ಲೂ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋಗುವವರು ಹೋಗುವಾಗ ವೈಕಿಂಗ್ ಲೈನ್‌ನ ಕೆಂಪು ಹಡಗು ಎಕ್ಸ್‌ಪಿಆರ್‌ಎಸ್ ಹತ್ತಿ, ಬರುವಾಗ ಟಾಲಿಂಕ್‌ನ ಮೈಸ್ಟಾರ್ ಅಥವಾ ಮೆಗಾಸ್ಟಾರ್ ಹಿಡಿಯಿರಿ. ಅರ್ಧ ಗಂಟೆ ಉಳಿಸುವುದಿದ್ದರೆ ಬರುವಾಗ ಉಳಿಸಿ, ಹೋಗುವಾಗ ಬೇಡ. ಯಾಕೆ ಅಂತ ಹೇಳುತ್ತೇನೆ.

ಎಕ್ಸ್‌ಪಿಆರ್‌ಎಸ್ ತೆಗೆದುಕೊಳ್ಳುವುದು ಎರಡೂವರೆ ಗಂಟೆ. ನಾನು ಇಲ್ಲಿ ಹೇಳುವ ಹೆಲ್ಸಿಂಕಿ ಹಡಗುಗಳಲ್ಲಿ ಇದೇ ನಿಧಾನ. 2008ರಲ್ಲಿ ಹೆಲ್ಸಿಂಕಿಯಲ್ಲೇ ಕಟ್ಟಿದ ಹಡಗು, ಸುಮಾರು 2,500 ಜನ ಹಿಡಿಸುತ್ತದೆ. ಇದರ ದೊಡ್ಡ ಗುಣ ಹಡಗಿನ ಒಳಗಿಲ್ಲ, ಹೊರಡುವ ಜಾಗದಲ್ಲಿದೆ. ಇದು ಹೊರಡುವುದು ಕಟಾಯನೊಕ್ಕದಿಂದ, ಅಂದರೆ ಊರಿನ ಮಧ್ಯದಿಂದಲೇ. ಸೆನೆಟ್ ಚೌಕದಿಂದ ಉಸ್ಪೆನ್‌ಸ್ಕಿ ಚರ್ಚಿನ ಕೆಂಪು ಇಟ್ಟಿಗೆ ಗೋಡೆ ದಾಟಿ ನಡೆದೇ ಹೋಗಬಹುದು, ಟ್ರಾಂ ಕೂಡ ಇದೆ. ಅಲ್ಲಿಂದ ಹೊರಟ ಹಡಗು ತೆರೆದ ಸಮುದ್ರ ಸೇರಲು ಕುಸ್ತಾನ್‌ಮಿಯೆಕ್ಕ ಎಂಬ ಕಿರಿದಾದ ಕಂಡಿಯಲ್ಲಿ ನುಸುಳಬೇಕು. ಎಷ್ಟು ಕಿರಿದು ಅಂದರೆ, ಅಗಲ ಸುಮಾರು 80 ಮೀಟರ್, ಅದರಲ್ಲಿ 185 ಮೀಟರ್ ಉದ್ದದ ಹಡಗು ಹೋಗಬೇಕು.

ಹೋಗುವಾಗ ಬಲಗಡೆ ನಿಲ್ಲಿ. ಸುವೊಮೆನ್‌ಲಿನ್ನ ಕೋಟೆ ಆ ಕಡೆ ಇದೆ, 1991ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ದ್ವೀಪದ ಕೋಟೆ. ಹಡಗು ನಿಧಾನ ಮಾಡಿಕೊಂಡು ಕಂಡಿಗೆ ಇಳಿಯುವಾಗ ಕೋಟೆಯ ಬಂಡೆ ಮೇಲೆ ಟವೆಲ್ ಹಾಸಿ ಬಿಸಿಲು ಕಾಯುತ್ತಿರುವವರು ಕಾಣುತ್ತಾರೆ. ಅವರ ಬುತ್ತಿಯಲ್ಲಿ ಏನಿದೆ ಅನ್ನುವುದೂ ಕಾಣುವಷ್ಟು ಹತ್ತಿರ. ಮಕ್ಕಳು ಎದ್ದು ಕೈಬೀಸುತ್ತಾರೆ, ಇಲ್ಲಿ ಡೆಕ್ ಮೇಲೆ ನಿಂತವರೂ ಬೀಸುತ್ತಾರೆ. ಕಲ್ಲಿನ ಗೋಡೆಯಲ್ಲಿ ರಾಜನ ಬಾಗಿಲು ಅಂತ ಕರೆಯುವ ದ್ವಾರ, ಅದರ ಕೆಳಗೆ ನೀರಿಗಿಳಿಯುವ ಮೆಟ್ಟಿಲು. ನಮ್ಮ ಅಮ್ಮ ಆ ಹೊತ್ತು ಫೋನ್ ಕೆಳಗಿಳಿಸಿ ಸುಮ್ನೆ ನೋಡುತ್ತಾ ನಿಂತರು. ಅಮ್ಮ ಫೋಟೋ ತೆಗೆಯದೆ ಬಿಟ್ಟ ಜಾಗ ಫಿನ್ಲೆಂಡಿನಲ್ಲಿ ಅದೊಂದೇ ಇರಬೇಕು. ಎಡಗಡೆ ವಲ್ಲಿಸಾರಿ ದ್ವೀಪ. ಕೆಲವೇ ನಿಮಿಷ, ಆಮೇಲೆ ಬರೀ ನೀರು.

ಉಳಿದ ಎರಡು ಕಂಪನಿಯ ಹಡಗುಗಳು ಪಶ್ಚಿಮ ಬಂದರು ಲೆನ್ಸಿಸಟಮದಿಂದ ಹೊರಡುತ್ತವೆ, ಹಾಗಾಗಿ ಈ ಕಂಡಿ ಅವುಗಳ ದಾರಿಯಲ್ಲಿ ಇಲ್ಲ. ಅದು ಅವುಗಳ ತಪ್ಪೇನಲ್ಲ, ಬಂದರು ಇರುವ ದಿಕ್ಕು ಹಾಗಿದೆ. ಆದರೆ ಜೀವನದಲ್ಲಿ ಒಂದೇ ಸಲ ಈ ದಾರಿ ಹೋಗುವವರು, ಊರಿಂದ ಅಷ್ಟು ದೂರ ಬಂದವರು, ಇದನ್ನು ಬಿಡಬಾರದು ಅನ್ನುವುದು ನನ್ನ ಆಸೆ.

ಟಾಲಿಂಕ್‌ನ ಎರಡು ಹಡಗುಗಳು ಬೇರೆಯದೇ ಜಾತಿ. ಮೆಗಾಸ್ಟಾರ್ 2017ರಲ್ಲಿ ಓಡಾಟ ಶುರು ಮಾಡಿತು, ತುರ್ಕುವಿನಲ್ಲಿ ಕಟ್ಟಿದ್ದು. ಮೈಸ್ಟಾರ್ ರೌಮಾದಲ್ಲಿ ಕಟ್ಟಿದ್ದು, 2022ರ ಡಿಸೆಂಬರಿನಲ್ಲಿ ಬಂತು. ಎರಡೂ ದ್ರವೀಕೃತ ನೈಸರ್ಗಿಕ ಅನಿಲದಲ್ಲಿ ಓಡಬಲ್ಲವು, ಒಂದೊಂದರಲ್ಲಿ 2,800 ಜನ. ಎರಡು ಗಂಟೆಗೆ ಟಾಲಿನ್ ಮುಟ್ಟಿಸುತ್ತವೆ. ದಿನಕ್ಕೆ ಹಲವು ಸಲ ಹೊರಡುವುದರಿಂದ ಸಮಯ ಆರಿಸಿಕೊಳ್ಳಲು ಬಹಳ ಅನುಕೂಲ. ಊರಿನ ಮಧ್ಯದಿಂದ ಪಶ್ಚಿಮ ಬಂದರಿಗೆ ಟ್ರಾಂ ಇದೆ, ಟರ್ಮಿನಲ್ 2ರ ಬಾಗಿಲಲ್ಲೇ ಇಳಿಸುತ್ತದೆ. ಒಳಗೆ ಕಾಲಿಟ್ಟರೆ ದೊಡ್ಡ ಮಾಲ್‌ಗೆ ಹೋದ ಹಾಗೆ: ಎತ್ತರದ ಕಿಟಕಿ, ಎರಡು ಮಹಡಿಯ ಅಂಗಡಿ, ಕಾಫಿ, ಬರ್ಗರ್, ಮಕ್ಕಳಿಗೆ ಆಡುವ ಜಾಗ. ಕಿಟಕಿ ಪಕ್ಕ ಕೂತು ಕಾಫಿ ಹಿಡಿದರೆ ಹಡಗು ಹೊರಟಿದ್ದೇ ಗೊತ್ತಾಗುವುದಿಲ್ಲ, ಅಷ್ಟು ನಯವಾಗಿ ಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ, ಚಳಿಗಾಲವಾದರೆ, ಸಂಜೆ ಸುಸ್ತಾಗಿ ವಾಪಸ್ ಬರುವವರಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಹೊರಗೆ ಕತ್ತಲಾಗಿ ನೋಡಲು ಏನೂ ಇಲ್ಲದಾಗ ಅರ್ಧ ಗಂಟೆ ಮೊದಲು ಮನೆ ಸೇರುವುದೇ ಸುಖ ಅಲ್ವಾ.

ಮೂರನೆಯದು ಎಕ್ಕೆರೊ ಲೈನ್‌ನ ಫಿನ್‌ಲಾಂಡಿಯಾ. ಕೊರಿಯಾದಲ್ಲಿ 2001ರಲ್ಲಿ ಕಟ್ಟಿದ್ದು, ಮೊದಲು ಇಟಲಿ ಕಡೆ ಓಡುತ್ತಿತ್ತು, 2012ರ ಕೊನೆಯಿಂದ ಇಲ್ಲಿದೆ. ಎರಡು ಗಂಟೆ ಕಾಲು. ನಾನು ನೋಡಿದಾಗೆಲ್ಲಾ ಇದರ ಟಿಕೆಟ್ಟೇ ಜಾಸ್ತಿ ಅಗ್ಗ, ವಾರದ ಮಧ್ಯದ ದಿನಗಳಲ್ಲಂತೂ ಖಂಡಿತ. ಆದರೆ ನಾನು ಇದನ್ನು ಇಷ್ಟಪಡುವುದು ಅಗ್ಗ ಅಂತ ಮಾತ್ರ ಅಲ್ಲ. ಫಿನ್ನಿಶ್ ಜನರನ್ನು ಹತ್ತಿರದಿಂದ ನೋಡಬೇಕು ಅಂದರೆ ಈ ಹಡಗೇ ಸರಿ. ವಯಸ್ಸಾದ ಗಂಡ ಹೆಂಡತಿ ಬೆಳಗ್ಗೆಯೇ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬಂದಿರುತ್ತಾರೆ, ವಾದ್ಯದವರು ಶುರು ಮಾಡಿದ ತಕ್ಷಣ ಎದ್ದು ಕೈಹಿಡಿದು ಕುಣಿಯುತ್ತಾರೆ. ಬೀದಿಯಲ್ಲಿ ಮಾತೇ ಆಡದ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೂ ಕೂರದ ಜನ ಇಲ್ಲಿ ಅರಳುವುದನ್ನು ನೋಡಿದರೆ ಈ ದೇಶದ ಬಗ್ಗೆ ನಿಮ್ಮ ಅಭಿಪ್ರಾಯವೇ ಬದಲಾಗುತ್ತದೆ. ಎರಡು ವರ್ಷ ಆಫೀಸಿನಲ್ಲಿ ಕೂತು ತಿಳಿಯದ್ದು ನನಗೆ ಇಲ್ಲಿ ಒಂದು ಮಧ್ಯಾಹ್ನದಲ್ಲಿ ತಿಳಿಯಿತು.

ಯಾವ ಹಡಗಾದರೂ ಒಂದು ನೋಟ ಖಾಯಂ: ವಾಪಸ್ ಬರುವಾಗ ಟ್ರಾಲಿ ಮೇಲೆ ಬಿಯರ್ ಕ್ಯಾನಿನ ಪೆಟ್ಟಿಗೆ ಪೇರಿಸಿ ತಳ್ಳುವವರು. ಫಿನ್ಲೆಂಡಿನಲ್ಲಿ ಮದ್ಯದ ಮೇಲಿನ ತೆರಿಗೆ ಜಾಸ್ತಿ, ವೈನ್ ಮತ್ತು ಸ್ಪಿರಿಟ್ ಬೇಕೆಂದರೆ ಹೆಚ್ಚಾಗಿ ಸರ್ಕಾರದ ಆಲ್ಕೊ ಅಂಗಡಿಗೇ ಹೋಗಬೇಕು. ಎಸ್ಟೋನಿಯಾದಲ್ಲಿ ಅಗ್ಗ. ಹಾಗಾಗಿ ಶುಕ್ರವಾರ ಸಂಜೆ ಮತ್ತು ಭಾನುವಾರ ಜನಜಂಗುಳಿ. ಸಾಧಾರಣ ಟಿಕೆಟ್ಟಿಗೆ ಸೀಟ್ ನಂಬರ್ ಇರುವುದಿಲ್ಲ, ಹತ್ತಿದವರು ಸಿಕ್ಕಲ್ಲಿ ಕೂರಬೇಕು. ಒಂದು ಹಡಗಿನಲ್ಲಿ, ಹೆಸರು ಬೇಡ, ಶುಕ್ರವಾರ ಸಂಜೆ ನಾವು ಮೆಟ್ಟಿಲ ಮೇಲೆ ಕೂತೇ ಸಮುದ್ರ ದಾಟಿದೆವು. ಮಂಗಳವಾರ ಬುಧವಾರ ಹೋಗಿ, ಅರ್ಧ ಗಂಟೆಗಿಂತ ಮೊದಲೇ ಬಂದರು ಸೇರಿ. ಅಪ್ಪ ಅಮ್ಮನಿಗೆ ಮಂಡಿನೋವು, ಸುಸ್ತು ಅಂದರೆ ಎಕ್ಸ್‌ಪಿಆರ್‌ಎಸ್‌ನಲ್ಲಿ ಹಗಲಿಗೂ ಕ್ಯಾಬಿನ್ ತೆಗೆದುಕೊಳ್ಳಬಹುದು. ಕಾಲು ಚಾಚಿ ಮಲಗಲು ಹಾಸಿಗೆ, ಬಚ್ಚಲು, ಬ್ಯಾಗ್ ಇಡಲು ಜಾಗ. ನಾವು ಹಾಗೆ ಮಾಡಿದ್ದಕ್ಕೆ ಅಪ್ಪ ಟಾಲಿನ್‌ನಲ್ಲಿ ಇಳಿದ ಮೇಲೂ ಲವಲವಿಕೆಯಿಂದ ನಡೆದರು.

ಊಟದ ವಿಷಯ. ಮೂರರಲ್ಲೂ ಬಫೆ ಇದೆ. ಮಾಂಸ ಮೀನು ತಿನ್ನುವವರಿಗೆ ಹಬ್ಬ: ಉಪ್ಪಿನಲ್ಲಿ ನೆನೆಸಿದ ಹೆರಿಂಗ್ ಮೀನು ನಾನಾ ತರಹ, ಸಾಲ್ಮನ್, ಸೀಗಡಿ. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸಲಾಡ್, ರೈ ಬ್ರೆಡ್, ಚೀಸ್, ಕೊನೆಗೆ ಸಿಹಿ. ಆ ದುಡ್ಡಿಗೆ ಅದು ದಂಡ. ನಮ್ಮ ಮನೆಯಲ್ಲಿ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತೇವೆ. ಕೂರುವ ಜಾಗದಲ್ಲಿ ಡಬ್ಬಿ ಬಿಚ್ಚಿದರೆ ಯಾರೂ ಏನೂ ಅಂದಿಲ್ಲ. ಹಡಗಿನಿಂದ ಕಾಫಿ ಮಾತ್ರ ಕೊಂಡರೆ ಸಾಕು.

ಈಗ ಇಳಿಯುವ ಕಡೆ. ಟಾಲಿನ್ ಹತ್ತಿರ ಬಂದಾಗ ಒಳಗೆ ಕೂರಬೇಡಿ, ಇದು ಎಲ್ಲಾ ಹಡಗಿಗೂ ಅನ್ವಯ. ಬಲಗಡೆ ನೈಸ್ಸಾರ್ ದ್ವೀಪ, ಎಡಗಡೆ ಏಗ್ನ ದ್ವೀಪ, ಅವೆರಡರ ನಡುವೆ ಊರು ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತದೆ. ಮೊದಲು ಕಾಣುವುದು ಒಲೆವಿಸ್ತೆ ಚರ್ಚಿನ ಚೂಪು ಗೋಪುರ, 124 ಮೀಟರ್. ಆಮೇಲೆ ತೂಂಪೆಯ ಗುಡ್ಡ, ಅದರ ಮೇಲೆ ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚಿನ ಗುಮ್ಮಟಗಳು. ಶತಮಾನಗಳ ಕಾಲ ವ್ಯಾಪಾರಿಗಳು ಈ ಊರನ್ನು ಮೊದಲು ಕಂಡಿದ್ದು ಹೀಗೆ, ನೀರಿನ ಮೇಲಿಂದ. ವಿಮಾನದಲ್ಲೂ ಅರ್ಧ ಗಂಟೆಯಲ್ಲಿ ಬರಬಹುದು, ಆದರೆ ಈ ನೋಟ ಸಿಗಲ್ಲ.

ವೈಕಿಂಗ್ ಮತ್ತು ಎಕ್ಕೆರೊ ಎ ಟರ್ಮಿನಲ್‌ನಲ್ಲಿ ಇಳಿಸುತ್ತವೆ, ಟಾಲಿಂಕ್ ಡಿ ಟರ್ಮಿನಲ್‌ನಲ್ಲಿ. ಎರಡೂ ಹಳೆಯ ಊರಿಗೆ ನಡಿಗೆ ದೂರವೇ, ಆದರೆ ಊರಿಗೆ ಕಾಲಿಡುವ ಬಾಗಿಲು ಬೇರೆ. ಡಿ ಟರ್ಮಿನಲ್‌ನಿಂದ ರೋಟರ್‌ಮನ್ ಬಡಾವಣೆಯ ಹೊಸ ಕಟ್ಟಡ, ಅಂಗಡಿ ದಾಟಿ ವಿರು ಬಾಗಿಲಿಗೆ ಬರುತ್ತೀರಿ, ಅಲ್ಲಿ ಯಾವಾಗಲೂ ಪ್ರವಾಸಿಗಳ ಗುಂಪು. ಎ ಟರ್ಮಿನಲ್‌ನಿಂದ ಬಂದರೆ ದಪ್ಪ ಮಾರ್ಗರೆಟ್ ಅಂತ ಕರೆಯುವ ದುಂಡನೆಯ ಕೋಟೆ ಬುರುಜು ಎದುರಾಗುತ್ತದೆ, ಸಮುದ್ರದ ಕಡೆಯ ಹಳೆಯ ಬಾಗಿಲು ಅದೇ. ಅದನ್ನು ದಾಟಿದರೆ ಪಿಕ್ಕ್ ಬೀದಿ, ಅದೇ ಬೀದಿ ಹಿಡಿದು ನಡೆದರೆ ಪುರಭವನದ ಚೌಕದವರೆಗೆ ತಲುಪಬಹುದು. ಚೌಕದ ಮೂಲೆಯಲ್ಲಿ ಔಷಧಿ ಅಂಗಡಿ ಒಂದಿದೆ, 1422ರ ದಾಖಲೆಯಲ್ಲೇ ಅದರ ಹೆಸರಿದೆ, ಈಗಲೂ ಬಾಗಿಲು ತೆರೆದಿರುತ್ತದೆ. ಹಳೆಯ ಊರು ಪೂರ್ತಿ 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನನಗೆ ಈ ಸಮುದ್ರದ ಬಾಗಿಲಿನ ದಾರಿಯೇ ಇಷ್ಟ, ಬಂದರು ಊರಿಗೆ ಬಂದರಿನ ಕಡೆಯಿಂದಲೇ ಹೋಗಬೇಕು.

ಅದೇ ಬುರುಜಿನ ಪಕ್ಕ ಕಪ್ಪು ಲೋಹದ ಕಮಾನೊಂದು ಮಧ್ಯದಲ್ಲಿ ಕತ್ತರಿಸಿದ ಹಾಗೆ ನಿಂತಿದೆ. ಎಸ್ಟೋನಿಯಾ ಎಂಬ ಹಡಗಿನಲ್ಲಿ ಸತ್ತವರ ಸ್ಮಾರಕ. ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ ಹಡಗು 1994ರ ಸೆಪ್ಟೆಂಬರ್ 27ರ ಮಧ್ಯರಾತ್ರಿ ಕಳೆದು 28 ಶುರುವಾದ ಮೇಲೆ ಬಿರುಗಾಳಿಯಲ್ಲಿ ಮುಳುಗಿತು, 852 ಜನ ಹೋದರು. ಮುಂಭಾಗದ ಕವಚ ಕಿತ್ತುಹೋಗಿ ವಾಹನ ನಿಲ್ಲಿಸುವ ಡೆಕ್‌ಗೆ ನೀರು ನುಗ್ಗಿತ್ತು. ಆಮೇಲೆ ಇಂಥ ಹಡಗುಗಳ ಸುರಕ್ಷತೆಯ ನಿಯಮಗಳನ್ನು ಬಹಳ ಬಿಗಿ ಮಾಡಿದರು. ಅಮ್ಮಂದಿರು ಹಡಗು ಹತ್ತುವ ಮೊದಲು ಭಯಪಟ್ಟರೆ ಆ ಮಾತನ್ನು ತಳ್ಳಿಹಾಕಬೇಡಿ, ನಡೆದದ್ದನ್ನೂ ಆಮೇಲೆ ಬದಲಾದದ್ದನ್ನೂ ಎರಡನ್ನೂ ಹೇಳಿ. ಸ್ಮಾರಕದ ಹತ್ತಿರ ಒಂದು ನಿಮಿಷ ನಿಂತು ಹೋಗಿ.

ಸ್ವೀಡನ್ನಿನಲ್ಲಿ ಇರುವವರಿಗೆ ಲೆಕ್ಕ ಬೇರೆ. ಸ್ಟಾಕ್‌ಹೋಮ್‌ನಿಂದ ಟಾಲಿಂಕ್‌ನ ಬಾಲ್ಟಿಕ್ ಕ್ವೀನ್ ರಾತ್ರಿ ಹಡಗು, ಸಂಜೆ ಹೊರಟರೆ ಮಾರನೇ ಬೆಳಗ್ಗೆ ಟಾಲಿನ್. ಮೊದಲ ಕೆಲವು ಗಂಟೆ ಹಡಗು ದ್ವೀಪಗಳ ನಡುವೆಯೇ ಸಾಗುತ್ತದೆ, ಜೂನ್ ಜುಲೈನಲ್ಲಿ ಬೆಳಕು ಹೋಗುವುದೇ ಇಲ್ಲ, ಆ ಹೊತ್ತು ಪೂರ್ತಿ ಡೆಕ್ ಮೇಲೆ ಕಳೆಯಿರಿ. ಮಧ್ಯರಾತ್ರಿ ಹಡಗು ಓಲಂಡ್ ದ್ವೀಪದ ಮರಿಯೆಹಮ್ನ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಳಿಯುವವರು ಹತ್ತುವವರು ಕಡಿಮೆ, ಆದರೂ ನಿಲ್ಲುವುದಕ್ಕೆ ಕಾರಣ ಇದೆ. ಯುರೋಪಿಯನ್ ಒಕ್ಕೂಟದೊಳಗಿನ ಪ್ರಯಾಣಕ್ಕೆ ತೆರಿಗೆಯಿಲ್ಲದ ಮಾರಾಟವನ್ನು 1999ರಲ್ಲಿ ನಿಲ್ಲಿಸಿದರು, ಓಲಂಡ್ ಮಾತ್ರ ಒಕ್ಕೂಟದ ತೆರಿಗೆ ವಲಯದ ಹೊರಗಿದೆ, ಅಲ್ಲಿ ಮುಟ್ಟಿ ಬಂದರೆ ಹಡಗಿನ ಅಂಗಡಿಯಲ್ಲಿ ತೆರಿಗೆಯಿಲ್ಲದೆ ಮಾರಬಹುದು. ಕ್ಯಾಬಿನ್ ತೆಗೆಯುವಾಗ ಕಿಟಕಿ ಇರುವುದಕ್ಕೆ ಸ್ವಲ್ಪ ಜಾಸ್ತಿ ಕೊಡಿ. ವಾಹನದ ಡೆಕ್‌ಗಿಂತ ಕೆಳಗಿನ ಕ್ಯಾಬಿನ್ ಅಗ್ಗ, ಆದರೆ ಅಲ್ಲಿ ಎಂಜಿನ್ ಸದ್ದು, ಹಗಲು ರಾತ್ರಿ ಗೊತ್ತಾಗುವುದಿಲ್ಲ, ವಯಸ್ಸಾದವರಿಗೆ ಬೇಡ. ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುವುದು ಮರೆಯಬೇಡಿ. ಹೆಲ್ಸಿಂಕಿಯಿಂದ ಹೋಗುವವರಿಗೆ ಆ ತಾಪತ್ರಯ ಇಲ್ಲ, ಎರಡೂ ಕಡೆ ಒಂದೇ ಸಮಯ, 2011ರಿಂದ ಒಂದೇ ಯೂರೋ.

ಬೆಳಗ್ಗೆ ಹೋಗಿ ಸಂಜೆ ಬರುವುದು ಸಾಧ್ಯ, ತುಂಬಾ ಜನ ಹಾಗೇ ಮಾಡುತ್ತಾರೆ. ನಾನು ಮಾತ್ರ ಒಂದು ರಾತ್ರಿ ಉಳಿಯಿರಿ ಅನ್ನುತ್ತೇನೆ. ಹಳೆಯ ಊರಿಗೇ ಒಂದು ಹಗಲು ಸಾಲದು, ಲೆನ್ನುಸಾದಮ್ ಅನ್ನುವ ಕಡಲ ವಿಮಾನಗಳ ಹಳೆಯ ಗೂಡಿನಲ್ಲಿರುವ ಮ್ಯೂಸಿಯಂ ಮಕ್ಕಳಿದ್ದರೆ ಬಿಡಲೇಬಾರದು. 1936ರಲ್ಲಿ ನೀರಿಗಿಳಿದ ಲೆಂಬಿಟ್ ಜಲಾಂತರ್ಗಾಮಿ ಅಲ್ಲಿದೆ, ಒಳಗೇ ಹೋಗಿ ನೋಡಬಹುದು. ದಾರಿಯಲ್ಲಿ ಕಲಮಾಯ ಬಡಾವಣೆಯ ಮರದ ಮನೆಗಳ ಬೀದಿ, ರೈಲ್ವೆ ನಿಲ್ದಾಣದ ಪಕ್ಕ ಮಾರ್ಕೆಟ್ಟು. ಅಲ್ಲಿ ಅಜ್ಜಿಯರು ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಮಾರುತ್ತಾರೆ, ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ.

ಪಾಸ್‌ಪೋರ್ಟ್ ಜೊತೆಗಿರಲಿ. ಎರಡೂ ಷೆಂಗೆನ್ ದೇಶಗಳೇ, ಫಿನ್ಲೆಂಡಿಗೆ ಬಂದ ಷೆಂಗೆನ್ ವೀಸಾದಲ್ಲೇ ಹೋಗಬಹುದು, ಆದರೆ ಹಡಗಿನವರೂ ಪೊಲೀಸರೂ ಗುರುತು ಕೇಳಬಹುದು. ಇಲ್ಲೇ ಕೆಲಸ ಮಾಡುವವರು ರೆಸಿಡೆನ್ಸ್ ಕಾರ್ಡ್ ಒಂದೇ ಹಿಡಿದು ಹೊರಡಬೇಡಿ, ಎರಡೂ ಬೇಕು.